‘ಪಲ್ಸ್’ಗೆ ಸ್ಪ್ಯಾನಿಷ್‌ನಲ್ಲಿ ಯಾವ ಪದ? ತೊಗರಿ ಬೇಳೆ ಚೀಲದ ಮೇಲೆ ಅಚ್ಚು ಹಾಕಿಸಬೇಕಿದೆ

ಗಂಜ್ ಗುಮಾಸ್ತ (ಕಲಬುರಗಿ)
ಸ್ಪ್ಯಾನಿಷ್ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನೋಡಿ. ಗಂಜಿನ, ಅಂದರೆ ಇಲ್ಲಿನ ಕಾಳುಕಡಿ ಮಾರುಕಟ್ಟೆಯ, ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮುಂಬೈಯ ದಲಾಲರೊಬ್ಬರ ಮೂಲಕ ಸ್ಪ್ಯಾನಿಷ್ ಮಾತನಾಡುವ ಕಡೆಯ ಗಿರಾಕಿ ಸಿಕ್ಕಿದ್ದಾರೆ, ಮೊದಲು ಮಾದರಿ ಚೀಲಗಳು ಹೋಗಬೇಕು. ಚೀಲದ ಮೇಲೆ ಇಂಗ್ಲಿಷಿನ ಜೊತೆಗೆ ಅವರ ಭಾಷೆಯೂ ಇರಲಿ ಎಂದು ಮಾಲೀಕರ ಅಪ್ಪಣೆ. ನಮ್ಮ ಹಳೆಯ ಚೀಲದ ಮೇಲೆ ಇರುವುದು ಇಷ್ಟೇ: ಪ್ರೀಮಿಯಂ ಪಲ್ಸಸ್ (ಬೇಳೆಕಾಳು), ರೆಡ್ ಗ್ರಾಂ (ತೊಗರಿ), ಸ್ಪ್ಲಿಟ್, ಸ್ಟೋನ್ ಫ್ರೀ, ಕೆಳಗೆ ಮಿಲ್ಲಿನ ಹೆಸರು.

ಮೊಬೈಲಿನ ಅನುವಾದ ಆ್ಯಪಿಗೆ ಒಂದೊಂದೇ ಪದ ಹಾಕಿ ನೋಡಿದೆ. ಪಲ್ಸ್ ಎಂಬುದಕ್ಕೆ ‘ಪುಲ್ಸೊ’ ಎಂದು ಕೊಟ್ಟಿತು. ಅದೇ ಪದದಿಂದ ಚಿತ್ರ ಹುಡುಕಿದರೆ ಆಸ್ಪತ್ರೆ, ಕೈಗಡಿಯಾರ, ಹೃದಯ ಎಲ್ಲವೂ ಬಂದವು, ಬೇಳೆ ಮಾತ್ರ ಬರಲಿಲ್ಲ. ಸರಿಯಾದ ಒಂದು ಪದ ಹೇಳಿ, ಸಾಕು. ಶುಕ್ರವಾರ ಅಚ್ಚಿಗೆ ಕೊಡಬೇಕು.

ಚಿತ್ತಾಪುರ ಸಿಸ್ಟರ್
ಪುಲ್ಸೊ ಎಂದರೆ ನಾವು ಮಣಿಕಟ್ಟು ಹಿಡಿದು ಎಣಿಸುವ ನಾಡಿಯೇ. ‘ಪ್ರೀಮಿಯಂ ನಾಡಿ, ಐವತ್ತು ಕಿಲೋ’ ಎಂದು ಅಚ್ಚಾದ ಚೀಲ ಹೊರಗೆ ಹೋದರೆ, ಆಮೇಲೆ ನಿಮ್ಮ ಮಾಲೀಕರ ನಾಡಿಯನ್ನು ನಾನೇ ಬಂದು ನೋಡಬೇಕಾಗುತ್ತದೆ.

ಆಳಂದ ರಸ್ತೆ
ಲೆಗುಂಬ್ರೆ. ಬಹುವಚನ ಲೆಗುಂಬ್ರೆಸ್. ಇದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಪುರಾವೆ ಬೇಕಾದರೆ ಇಗೋ. ವಿಶ್ವಸಂಸ್ಥೆ 2016ನ್ನು ಬೇಳೆಕಾಳುಗಳ ವರ್ಷ ಎಂದು ಆಚರಿಸಿತು. ಇಂಗ್ಲಿಷಿನ ಅಧಿಕೃತ ಹೆಸರಿನಲ್ಲಿ ಪಲ್ಸಸ್ ಎಂದಿದ್ದ ಜಾಗದಲ್ಲಿ ಸ್ಪ್ಯಾನಿಷ್ ಹೆಸರಿನಲ್ಲಿ ಇದ್ದದ್ದು ಲೆಗುಂಬ್ರೆಸ್. ಪ್ರತಿ ವರ್ಷ ಫೆಬ್ರವರಿ 10ರ ಬೇಳೆಕಾಳು ದಿನಕ್ಕೂ ಅದೇ ಪದ. ನಾನು ಸ್ಪ್ಯಾನಿಷ್ ಕಲಿಯುತ್ತಿರುವವನು, ಸ್ಪೇನ್ ಸರ್ಕಾರದ ಭಾಷಾ ಸಂಸ್ಥೆಯಾದ ದೆಹಲಿಯ ಇನ್ಸ್ತಿತೂತೊ ಸೆರ್ವಾಂತೆಸ್ ನಡೆಸುವ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರವಣಿಗೆ ಒಂದೇ ಇದ್ದು ಅರ್ಥ ಎರಡಾಗಿರುವ ಪದವನ್ನು ಒಂಟಿಯಾಗಿ ಆ್ಯಪಿಗೆ ಕೊಡಬೇಡಿ. ‘ಪಲ್ಸಸ್, ಅಂದರೆ ಒಣ ಕಾಳುಗಳು, ಆಹಾರ’ ಎಂದು ಪೂರ್ತಿ ವಾಕ್ಯವಾಗಿ ಕೊಟ್ಟರೆ ಅದೇ ಆ್ಯಪ್ ಸರಿಯಾಗಿ ಹೇಳುವ ಸಾಧ್ಯತೆ ಹೆಚ್ಚು.

ಸೇಡಂ ಕಲ್ಲು
ನಮ್ಮ ದೇಶವೇ ಮ್ಯಾನ್ಮಾರ್, ಮೊಜಾಂಬಿಕ್‌ಗಳಿಂದ ತೊಗರಿ ತರಿಸಿಕೊಂಡು ಉಣ್ಣುತ್ತಿದೆ. ಇವರು ಸ್ಪೇನಿಗೆ ಕಳುಹಿಸುತ್ತಾರಂತೆ! ಮೊದಲು ಸರ್ಕಾರದ ಅನುಮತಿ ಇದೆಯೋ ಇಲ್ಲವೋ ವಿಚಾರಿಸಿ, ಪದ ಆಮೇಲೆ ಹುಡುಕಿರಿ.

ಗಂಜ್ ಗುಮಾಸ್ತ (ಕಲಬುರಗಿ)
ಅಣ್ಣಾ, 2006ರಲ್ಲಿ ನಿಲ್ಲಿಸಿದ್ದ ಬೇಳೆಕಾಳು ರಫ್ತನ್ನು 2017ರಲ್ಲಿ ಮತ್ತೆ ತೆರೆದರು. ಅದರ ಕಾಗದಪತ್ರಗಳನ್ನು ಮಾಲೀಕರು ನೋಡಿಕೊಳ್ಳುತ್ತಾರೆ. ನನಗೆ ಒಪ್ಪಿಸಿರುವುದು ಚೀಲದ ಮೇಲಿನ ಅಕ್ಷರ ಮಾತ್ರ.

ಆಳಂದ ರಸ್ತೆಯವರಿಗೆ ಧನ್ಯವಾದ. ಹಾಗಾದರೆ ‘ಲೆಗುಂಬ್ರೆಸ್’ ಎಂದು ಬರೆಸಿಬಿಡುತ್ತೇನೆ.

ರಾತ್ರಿಪಾಳಿ (ಹುಮನಾಬಾದ್, ಈಗ ಹೈದರಾಬಾದ್)
ಸ್ವಲ್ಪ ತಡೆಯಿರಿ ಗುಮಾಸ್ತರೇ. ಲೆಗುಂಬ್ರೆ ತಪ್ಪಲ್ಲ, ಆದರೆ ಅದು ಜಾತಿಯ ಹೆಸರು. ಕಡಲೆ, ಮಸೂರ, ಹೆಸರು, ರಾಜ್ಮಾ ಎಲ್ಲವೂ ಅದರೊಳಗೆ ಬರುತ್ತವೆ. ಚೀಲ ಕೊಳ್ಳುವವನಿಗೆ ಒಳಗೆ ಏನಿದೆ ಎಂಬುದು ತಿಳಿಯಬೇಡವೇ? ನಿಮಗೆ ಬೇಕಾದದ್ದು ಪಲ್ಸ್ ಪದವಲ್ಲ, ತೊಗರಿಯ ಪದ. ಅದಕ್ಕೂ ಮುಂಚೆ ಒಂದು ಪ್ರಶ್ನೆ: ಯಾವ ದೇಶ?

ನಾನು ಹೈದರಾಬಾದಿನಲ್ಲಿ ರಾತ್ರಿ ಹೊತ್ತು ಲ್ಯಾಟಿನ್ ಅಮೆರಿಕದ ಗ್ರಾಹಕರ ಕರೆಗಳಿಗೆ ಉತ್ತರಿಸುವ ಕೆಲಸ ಮಾಡುತ್ತೇನೆ. ಸ್ಪ್ಯಾನಿಷ್ ಇಪ್ಪತ್ತು ದೇಶಗಳ ಅಧಿಕೃತ ಭಾಷೆ, ಅಡುಗೆಮನೆಯ ಮಾತು ಬಂದಾಗಲೆಲ್ಲ ಒಂದೊಂದು ದೇಶದ್ದು ಒಂದೊಂದು ದಾರಿ. ರಾಜ್ಮಾ ಜಾತಿಯ ಬೀನ್ಸ್ ಕಾಳನ್ನೇ ನೋಡಿ: ಮೆಕ್ಸಿಕೊದಲ್ಲಿ ಫ್ರಿಹೋಲ್, ಅರ್ಜೆಂಟೀನಾ ಮತ್ತು ಚಿಲಿಯಲ್ಲಿ ಪೊರೋತೊ, ವೆನೆಜುವೆಲಾದಲ್ಲಿ ಕಾರಾಓತಾ, ಪೋರ್ಟೊರಿಕೊದಲ್ಲಿ ಆಬಿಚ್ವೇಲಾ, ಸ್ಪೇನಿನಲ್ಲಿ ಹುದೀಆ ಅಥವಾ ಆಲೂಬಿಯಾ. ಬಟಾಣಿಗೆ ಸ್ಪೇನಿನಲ್ಲಿ ಗಿಸಾಂತೆ, ಮೆಕ್ಸಿಕೊದಲ್ಲಿ ಚೀಚಾರೊ, ದಕ್ಷಿಣಕ್ಕೆ ಹೋದಂತೆ ಆರ್ವೇಹಾ.

ಈಗ ತೊಗರಿ. ಪೋರ್ಟೊರಿಕೊದಲ್ಲಿ ಗಾಂದುಲ್, ಡೊಮಿನಿಕನ್ ಗಣರಾಜ್ಯದಲ್ಲಿ ಗ್ವಾಂದುಲ್, ಪನಾಮಾ ಮತ್ತು ಕೊಲಂಬಿಯಾದಲ್ಲಿ ಗ್ವಾಂದೂ, ವೆನೆಜುವೆಲಾದಲ್ಲಿ ಕಿಂಚೋಂಚೊ, ಪೆರುವಿನಲ್ಲಿ ಫ್ರಿಹೋಲ್ ದೆ ಪಾಲೊ, ಅಂದರೆ ಕಡ್ಡಿಯ ಕಾಳು. ‘ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೆ’ ಎಂದು ಕೇಳಿದರೆ ಉತ್ತರವೇ ಇಲ್ಲ.

ಶಹಾಪುರ ಮಾಸ್ತರ (ನಿವೃತ್ತ)
ಭಲೇ! ತೊಗರಿಯ ತವರು ನಮ್ಮದು, ಹೆಸರುಗಳ ಜಾತ್ರೆ ಅವರದು.

ಸೇಡಂ ಕಲ್ಲು
ಅಷ್ಟು ದೂರದ ದೇಶದಲ್ಲಿ ತೊಗರಿ ಬೆಳೆಯುತ್ತಾರೆಯೇ? ನಂಬಲಾಗುತ್ತಿಲ್ಲ.

ರಾತ್ರಿಪಾಳಿ
ಬೆಳೆಯುವುದಷ್ಟೇ ಅಲ್ಲ, ಅವರಿಗೆ ಅದು ಹಬ್ಬದ ಊಟ. ಪೋರ್ಟೊರಿಕೊದಲ್ಲಿ ಕ್ರಿಸ್‌ಮಸ್ ಬಂತೆಂದರೆ ‘ಆರ್ರೋಸ್ ಕೋನ್ ಗಾಂದುಲೆಸ್’ ಇರಲೇಬೇಕು, ಅಂದರೆ ತೊಗರಿ ಕಾಳು ಹಾಕಿದ ಅನ್ನ. ಪನಾಮಾದವರು ಅದಕ್ಕೆ ತೆಂಗಿನ ಹಾಲನ್ನೂ ಹಾಕುತ್ತಾರೆ. ಗಿಡ ಇಲ್ಲಿಂದ ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರನ್ನು ಸಾಗಿಸಿದ ಕಾಲದಲ್ಲಿ ಕೆರಿಬಿಯನ್ ದ್ವೀಪಗಳನ್ನು ಮುಟ್ಟಿತು. ಗ್ವಾಂದೂ ಎಂಬ ಹೆಸರು ಕೂಡ ಕಾಂಗೋ ಕಡೆಯ ‘ವಾಂದು’ ಎಂಬ ಪದದಿಂದ ಬಂದದ್ದು ಎನ್ನುತ್ತಾರೆ.

ಭೀಮಾ ದಂಡೆ ರೈತ (ಅಫಜಲಪುರ)
ಹಸಿ ಕಾಳನ್ನು ಅನ್ನಕ್ಕೆ ಹಾಕುವುದು ನಮಗೇನು ಹೊಸದೇ? ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ (ಸೊಪ್ಪು, ಕಾಳುಗಳ ಪಲ್ಯ) ಮಾಡುವಾಗ ಹಸಿ ತೊಗರಿ ಕಾಳು ಬೀಳದಿದ್ದರೆ ಅದು ಭಜ್ಜಿಯೇ ಅಲ್ಲ. ಜೊತೆಗೆ ಸಜ್ಜೆ ಕಡುಬು, ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿ ಪುಡಿ). ಪನಾಮಾದವರನ್ನು ಒಮ್ಮೆ ಕರೆಯಿರಿ.

ಆಳಂದ ರಸ್ತೆ
ರಾತ್ರಿಪಾಳಿ ಅಕ್ಕನವರ ಪಟ್ಟಿ ಸರಿ, ಆದರೆ ಸ್ಪೇನಿನ ಹೆಸರು ಅದರಲ್ಲಿ ಬಿಟ್ಟುಹೋಗಿದೆ. ಗಿರಾಕಿ ಸ್ಪೇನಿನವರಾದರೆ ಗಾಂದುಲ್ ಎಂದು ಬರೆಸಿದಿರೋ ಕೆಟ್ಟಿರಿ! ಅಲ್ಲಿ ಗಾಂದುಲ್ ಎಂದರೆ ಮೈಗಳ್ಳ, ಸೋಮಾರಿ. ಸ್ಪ್ಯಾನಿಷ್ ಭಾಷೆಯ ರಾಜ ಅಕಾಡೆಮಿಯ ನಿಘಂಟಿನಲ್ಲಿಯೂ ಆ ಅರ್ಥ ಇದೆ. ಅರಬ್ಬಿ ಮೂಲದ ಪದ, ತೊಗರಿಗೂ ಅದಕ್ಕೂ ಸಂಬಂಧವಿಲ್ಲ.

ಗಂಜ್ ಗುಮಾಸ್ತ
ಚೀಲದ ಮೇಲೆ ‘ಪ್ರೀಮಿಯಂ ಸೋಮಾರಿ’ ಎಂದು ಬಂದರೆ ಮಾಲೀಕರು ಅದು ನನ್ನನ್ನು ಕುರಿತೇ ಬರೆದದ್ದು ಎನ್ನುತ್ತಾರೆ.

ಶಹಾಪುರ ಮಾಸ್ತರ (ನಿವೃತ್ತ)
ರೆಡ್ ಗ್ರಾಂ ಎಂಬುದನ್ನು ಏನು ಮಾಡಿದಿರಿ ಗುಮಾಸ್ತರೇ? ಅದು ಪಲ್ಸ್‌ಗಿಂತ ದೊಡ್ಡ ಗಂಡಾಂತರ.

ಗಂಜ್ ಗುಮಾಸ್ತ
ಆ್ಯಪ್ ಕೊಟ್ಟದ್ದು ‘ಗ್ರಾಮೊ ರೋಹೊ’. ರೋಹೊ ಎಂದರೆ ಕೆಂಪು ಎಂದು ಗೊತ್ತಾಯಿತು.

ಶಹಾಪುರ ಮಾಸ್ತರ (ನಿವೃತ್ತ)
ಗ್ರಾಮೊ ಎಂದರೆ ತೂಕದ ಗ್ರಾಂ! ಒಂದು ಕೆಂಪು ಗ್ರಾಂ. ತಕ್ಕಡಿಯಲ್ಲಿ ಹಾಕಿ ತೂಗಬೇಕಷ್ಟೆ. ಬ್ಲ್ಯಾಕ್ ಗ್ರಾಂ, ಗ್ರೀನ್ ಗ್ರಾಂ, ಬೆಂಗಾಲ್ ಗ್ರಾಂ ಎಂದು ನಾವು ಕೃಷಿ ಇಲಾಖೆಯ ಕಾಗದಗಳಲ್ಲಿ ಬರೆಯುವ ಈ ‘ಗ್ರಾಂ’ ನಮ್ಮ ಕಡೆಯ ಇಂಗ್ಲಿಷ್. ಪೋರ್ಚುಗೀಸರ ‘ಗ್ರಾಂವ್’, ಅಂದರೆ ಕಾಳು ಎಂಬ ಪದದಿಂದ ಅದು ಬಂತು. ಭಾರತದ ಹೊರಗೆ ಇಂಗ್ಲಿಷ್ ಬಲ್ಲವರೇ ಅದನ್ನು ಕೇಳಿ ಕಣ್ಣು ಬಿಡುತ್ತಾರೆ, ಅಂದಮೇಲೆ ಸ್ಪ್ಯಾನಿಷ್ ಆ್ಯಪಿಗೆ ಏನು ತಿಳಿಯಬೇಕು? ಇಂಗ್ಲಿಷಿನ ಸಾಲಿನಲ್ಲಿಯೂ ರೆಡ್ ಗ್ರಾಂ ತೆಗೆದು ‘ಪಿಜನ್ ಪೀ’ ಹಾಕಿಸಿರಿ.

ಸೇಡಂ ಕಲ್ಲು
ಪಿಜನ್ ಪೀ ಹಾಕಿದರೆ ಆ್ಯಪ್ ಅದನ್ನು ಪಾರಿವಾಳದ ಬಟಾಣಿ ಮಾಡುತ್ತದೆ. ಇಂಗ್ಲಿಷಿನಿಂದ ಹೋದರೆ ದಾರಿ ತಪ್ಪುತ್ತದೆ, ನೇರವಾಗಿ ಕನ್ನಡದಿಂದ ಹೋಗಿ ಎಂದು ಯಾರೂ ಏಕೆ ಹೇಳುತ್ತಿಲ್ಲ?

ಬಾರ್ಬಡೋಸಿನಲ್ಲಿ ಪಾರಿವಾಳಕ್ಕೆ ಹಾಕುತ್ತಿದ್ದ ಕಾಳೆಂದು ಆ ಹೆಸರಂತೆ. ನಾವು ದೇವರ ನೈವೇದ್ಯದ ಹೋಳಿಗೆಗೆ ಹಾಕುತ್ತೇವೆ. ಹೆಸರಿಟ್ಟವರಿಗೆ ನಾಲಿಗೆಯೇ ಇರಲಿಲ್ಲ.

ಭೀಮಾ ದಂಡೆ ರೈತ
ಕಲ್ಲಣ್ಣ ಈ ಒಂದು ಮಾತು ಸರಿಯಾಗಿ ಹೇಳಿದ. ನಮ್ಮಲ್ಲಿ ತೊಗರಿ ಎಂದರೆ ಇಡೀ ಕಾಳು, ಬೇಳೆ ಎಂದರೆ ಸಿಪ್ಪೆ ತೆಗೆದು ಒಡೆದದ್ದು. ಇಂಗ್ಲಿಷಿನ ಪಲ್ಸ್ ಎರಡನ್ನೂ ಒಂದೇ ಗೋಣಿಗೆ ತುಂಬುತ್ತದೆ. ಗಂಜಿನಲ್ಲಿ ಕಾಳಿನ ದರ ಬೇರೆ, ಬೇಳೆಯ ದರ ಬೇರೆ. ಪದ ಒಂದೇ ಎಂದರೆ ಅಡತಿಯವರು ಒಪ್ಪುತ್ತಾರೆಯೇ?

ರಾತ್ರಿಪಾಳಿ
ಕಾಕಾ ಹೇಳಿದ್ದೇ ಇಲ್ಲಿ ಮುಖ್ಯ. ಕೆರಿಬಿಯನ್ ಕಡೆಯವರು ತೊಗರಿಯನ್ನು ಹಸಿಯಾಗಿಯೋ ಇಡಿಯಾಗಿಯೋ ಬೇಯಿಸುತ್ತಾರೆ. ಒಡೆದ ಬೇಳೆ ಅಲ್ಲಿ ಸಾಮಾನ್ಯ ಮನೆಗಳಲ್ಲಿ ಕಾಣದ ವಸ್ತು. ಚೀಲದ ಮೇಲೆ ಬರೀ ಗ್ವಾಂದೂ ಎಂದಿದ್ದರೆ ಕೊಂಡವರು ಇಡೀ ಕಾಳೆಂದು ತಿಳಿಯುತ್ತಾರೆ, ಬಿಚ್ಚಿದಾಗ ಹಳದಿ ಚೂರು ಕಂಡು ಮೋಸ ಹೋದೆವು ಎನ್ನುತ್ತಾರೆ. ಆದ್ದರಿಂದ ಮೂರು ವಿಶೇಷಣ ಬೇಕೇ ಬೇಕು: ಸೇಕೊ, ಪೆಲಾದೊ, ಪಾರ್ತೀದೊ. ಒಣಗಿದ, ಸಿಪ್ಪೆ ತೆಗೆದ, ಒಡೆದ.

ಯಾದಗಿರಿ ಕೋಟೆ
ಪಾರ್ತೀದೊ ಎಂದರೆ ಪಕ್ಷ ಅಲ್ಲವೇ? ಫುಟ್‌ಬಾಲ್ ನೋಡುವಾಗ ಪಂದ್ಯಕ್ಕೂ ಅದೇ ಪದ ಕೇಳಿದ್ದೇನೆ. ತೊಗರಿ ಪಕ್ಷ ಎಂದು ಓದಿಕೊಂಡರೆ?

ರಾತ್ರಿಪಾಳಿ
ಮೂರೂ ಹೌದು: ಪಕ್ಷ, ಪಂದ್ಯ, ಒಡೆದದ್ದು. ಆದರೆ ಕಾಳಿನ ಹೆಸರಿನ ಮುಂದೆ ಬಂದಾಗ ಯಾರೂ ಚುನಾವಣೆ ನೆನೆಯುವುದಿಲ್ಲ. ಒಡೆದ ಬಟಾಣಿ ಮಾರುವ ಪೊಟ್ಟಣಗಳ ಮೇಲೆ ಇದೇ ಪದ ಇರುತ್ತದೆ. ಆ್ಯಪ್ ಕೊಡಬಹುದಾದ ‘ದಿವಿದೀದೊ’ ಬೇಡ, ಅದು ಪಾಲು ಹಂಚಿದಂತೆ, ಲೆಕ್ಕದಲ್ಲಿ ಭಾಗಿಸಿದಂತೆ.

ಬೀದರ ಬಿದರಿ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದೂ ಇದೇ ಜಾತಿಯ ಸಂಕಟ. ನಮ್ಮ ಮನೆಯವರು ಬಿದರಿ ಕೆಲಸ ಮಾಡುತ್ತಾರೆ. ವಿದೇಶಿ ಗಿರಾಕಿಗಳಿಗೆ ಕೊಡುವ ಚೀಟಿಯಲ್ಲಿ ಇಂಗ್ಲಿಷಿನ ‘ಪ್ಲೇಟ್, ಸಿಲ್ವರ್ ಇನ್‌ಲೇ’ ಎಂಬುದನ್ನು ಸ್ಪ್ಯಾನಿಷ್ ಮಾಡಿಸಿದರೆ ಒಬ್ಬರು ‘ಪ್ಲಾತೊ ಪ್ಲಾತೆಯಾದೊ’ ಎಂದು ಬರೆದುಕೊಟ್ಟರು. ಸರಿಯೇ?

ಆಳಂದ ರಸ್ತೆ
ಸರಿಯಲ್ಲ ಭಾಯಿ, ಇದನ್ನು ಖಂಡಿತ ಬದಲಿಸಿ. ಪ್ಲಾತೆಯಾದೊ ಎಂದರೆ ಬೆಳ್ಳಿಯ ಲೇಪ ಕೊಟ್ಟದ್ದು, ಇಲ್ಲವೇ ಬೆಳ್ಳಿ ಬಣ್ಣದ್ದು. ನಿಮ್ಮದು ಲೇಪವಲ್ಲ. ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೀರು ತೆಗೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತೀರಿ. ಆಮೇಲೆ ಕೋಟೆಯ ಮಣ್ಣು ಮತ್ತು ನವಸಾಗರ ಹಚ್ಚಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಅಷ್ಟು ಕೆಲಸ ಮಾಡಿ ‘ಲೇಪ’ ಎಂದು ಚೀಟಿ ಬರೆದರೆ ಬೆಲೆ ಕೇಳುವವರು ಅರ್ಧಕ್ಕೆ ಕೇಳುತ್ತಾರೆ.

ಪ್ಲೇಟ್ ಎಂಬುದೂ ನೋಡಿಕೊಂಡು ಬಳಸುವ ಪದ. ಊಟದ ತಟ್ಟೆಯಾದರೆ ಪ್ಲಾತೊ, ಗೋಡೆಗೆ ಹಾಕುವ ಲೋಹದ ಫಲಕವಾದರೆ ಪ್ಲಾಕಾ. ಪ್ಲಾತಾ ಎಂದು ಆಕಾರಾಂತವಾಗಿ ಬಂದರೆ ಬೆಳ್ಳಿ. ಲ್ಯಾಟಿನ್ ಅಮೆರಿಕದಲ್ಲಿ ಅದೇ ಪ್ಲಾತಾ ಎಂದರೆ ದುಡ್ಡು.

ಬೀದರ ಬಿದರಿ
ಇನ್‌ಲೇಗೆ ಏನು ಹಾಕಲಿ?

ಆಳಂದ ರಸ್ತೆ
‘ಕೋನ್ ಇಂಕ್ರುಸ್ತಾಸಿಯೋನೆಸ್ ದೆ ಪ್ಲಾತಾ’, ಬೆಳ್ಳಿ ಕೂರಿಸಿದ್ದು. ಸ್ಪೇನಿನ ಗಿರಾಕಿ ಎಂದಾದರೆ ‘ದಾಮಾಸ್ಕಿನಾದೊ’ ಎಂಬ ಪದವನ್ನೂ ಸೇರಿಸಬಹುದು. ತೊಲೆದೊ ಊರಿನಲ್ಲಿ ಉಕ್ಕಿನ ಮೇಲೆ ಚಿನ್ನದ ತಂತಿ ಕೂರಿಸುವ ಕೆಲಸಕ್ಕೆ ಆ ಹೆಸರು, ನೋಡುವುದಕ್ಕೆ ನಿಮ್ಮ ಕೆಲಸದ ದಾಯಾದಿ.

ಚಿತ್ತಾಪುರ ಸಿಸ್ಟರ್
ಹಲ್ಲಿನ ಡಾಕ್ಟರರೂ ಇನ್‌ಲೇ ಎನ್ನುತ್ತಾರಲ್ಲ?

ಆಳಂದ ರಸ್ತೆ
ಹೌದು ಸಿಸ್ಟರ್, ಅದಕ್ಕೂ ಇಂಕ್ರುಸ್ತಾಸಿಯೋನ್ ಎಂದೇ ಹೇಳುತ್ತಾರೆ. ಮರದಲ್ಲಿ ಕೂರಿಸಿದರೆ ಮಾತ್ರ ತಾರಾಸೆಯಾ ಎಂಬ ಬೇರೆ ಪದವಿದೆ. ಆದ್ದರಿಂದ ಚೀಟಿಯಲ್ಲಿ ಲೋಹದ ಹೆಸರು ಬರಲೇಬೇಕು.

ಬೀದರ ಬಿದರಿ
ಶುಕ್ರಿಯಾ. ‘ದಾಮಾಸ್ಕಿನಾದೊ’ ಹಾಕುವುದಿಲ್ಲ. ಬಿದರಿಗೆ 2006ರಲ್ಲಿಯೇ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು, ಸಿಕ್ಕಿದೆ. ಬಿದರಿ ಎಂದೇ ಬರೆದು ಕೆಳಗೆ ವಿವರಣೆ ಕೊಡುತ್ತೇನೆ. ನಮ್ಮ ಕೆಲಸಕ್ಕೆ ಇನ್ನೊಂದು ಊರಿನ ಹೆಸರು ಏಕೆ?

ಶಹಾಪುರ ಮಾಸ್ತರ (ನಿವೃತ್ತ)
ಇದು ಮಾತು! ಗುಮಾಸ್ತರೇ, ನೀವೂ ಹಾಗೆಯೇ ಮಾಡಬಾರದೇಕೆ? ‘ತೊಗರಿ ಬೇಳೆ’ ಎಂದು ದಪ್ಪ ಅಕ್ಷರದಲ್ಲಿ ಹಾಕಿ. ಗುಲ್ಬರ್ಗ ತೊಗರಿ ಬೇಳೆಗೂ 2019ರಲ್ಲಿ ಜಿಐ ಬಂದಿದೆ.

ಗಂಜ್ ಗುಮಾಸ್ತ
ಹಾಕಬಹುದು ಮಾಸ್ತರೇ, ಆದರೆ ಜಿಐ ಹೆಸರು ಮತ್ತು ಗುರುತು ಬಳಸಲು ಅಧಿಕೃತ ಬಳಕೆದಾರರೆಂದು ನೋಂದಣಿ ಆಗಿರಬೇಕು. ನಮ್ಮದು ಇನ್ನೂ ಆಗಿಲ್ಲ. ಮೇಲಾಗಿ ಬಿದರಿ ತಟ್ಟೆಯನ್ನು ನೋಡಿಯೇ ಕೊಳ್ಳುತ್ತಾರೆ, ಬೇಳೆಯನ್ನು ಬೇಯಿಸಬೇಕು. ಅದು ಏನೆಂದು ತಿಳಿಯದವರು ಬೇಯಿಸುವುದು ಹೇಗೆ?

ಅಂದ ಹಾಗೆ ದಲಾಲರಿಗೆ ಫೋನ್ ಮಾಡಿ ಕೇಳಿದೆ. ಗಿರಾಕಿ ಪನಾಮಾದವರು.

ರಾತ್ರಿಪಾಳಿ
ಹಾಗಾದರೆ ಗ್ವಾಂದೂ. ಮುಗಿಯಿತು.

ಸೇಡಂ ಕಲ್ಲು
ಮುಗಿಯಿತು ಎಂದರೆ ಹೇಗೆ? ‘ಸ್ಟೋನ್ ಫ್ರೀ’ ಉಳಿದಿದೆಯಲ್ಲ. ಅದನ್ನು ಆ್ಯಪಿಗೆ ಹಾಕಿದಿರಾ?

ಗಂಜ್ ಗುಮಾಸ್ತ
ಹಾಕಿದೆ. ‘ಪಿಯೇದ್ರಾ ಗ್ರಾತಿಸ್’ ಎಂದು ಬಂತು.

ರಾತ್ರಿಪಾಳಿ
ನಗು ತಡೆಯಲಾಗುತ್ತಿಲ್ಲ. ಅದು ‘ಕಲ್ಲು ಉಚಿತ’. ಬೇಳೆ ಕೊಂಡರೆ ಕಲ್ಲು ಪುಕ್ಕಟೆ! ಇಂಗ್ಲಿಷಿನ ಫ್ರೀ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಕನಿಷ್ಠ ಮೂರು ದಾರಿ: ದುಡ್ಡಿಲ್ಲದೆ ಸಿಗುವುದು ಗ್ರಾತಿಸ್, ಬಂಧನವಿಲ್ಲದ್ದು ಲಿಬ್ರೆ, ಒಳಗೆ ಏನೋ ಇಲ್ಲದ್ದು ಸಿನ್. ಗ್ಲುಟೆನ್ ಇಲ್ಲದ ತಿಂಡಿಯ ಮೇಲೆ ‘ಸಿನ್ ಗ್ಲೂತೆನ್’ ಎಂದೇ ಇರುತ್ತದೆ. ನಿಮ್ಮದಕ್ಕೆ ‘ಸಿನ್ ಪಿಯೇದ್ರಾಸ್’ ವ್ಯಾಕರಣಕ್ಕೆ ಸರಿ.

ಭೀಮಾ ದಂಡೆ ರೈತ
ಹಳೆಯ ಕಾಲದ ಕೆಲವು ಬೇಳೆಗೆ ‘ಕಲ್ಲು ಉಚಿತ’ ಎಂಬುದೇ ನಿಜವಾದ ಹೆಸರಾಗಿತ್ತು.

ಚಿತ್ತಾಪುರ ಸಿಸ್ಟರ್
ಸಿನ್ ಪಿಯೇದ್ರಾಸ್ ಕೂಡ ಬೇಡ ಅನಿಸುತ್ತದೆ. ಕಲ್ಲು ಎಂಬ ಮಾತನ್ನು ಎತ್ತಿದರೇ ಗಿರಾಕಿಗೆ ಕಲ್ಲಿನ ನೆನಪಾಗುತ್ತದೆ. ನಮ್ಮ ವಾರ್ಡಿನಲ್ಲಿ ‘ಇಂಜೆಕ್ಷನ್ ನೋಯುವುದಿಲ್ಲ’ ಎಂದು ಹೇಳಿದ ಕೂಡಲೇ ಮಕ್ಕಳು ಅಳುತ್ತವೆ.

ರಾತ್ರಿಪಾಳಿ
ಸಿಸ್ಟರ್ ಹೇಳುವುದು ಸರಿ. ‘ಲೀಂಪಿಯೊ ಇ ಸೆಲೆಕ್ಸಿಯೊನಾದೊ’ ಹಾಕಿ, ಶುಚಿ ಮಾಡಿ ಆರಿಸಿದ್ದು. ಅಂಗಡಿಯ ಚೀಲದ ಮಾತು ಅದು.

ಯಾದಗಿರಿ ಕೋಟೆ
ಮಿಲ್ಲಿಗೆ ಮೊಲೀನೊ ಎಂಬ ಪದ ಇದೆ. ಅದನ್ನು ನಾನೇ ಹೇಳುತ್ತೇನೆ, ಯಾರೂ ತಿದ್ದಬೇಡಿ.

ಆಳಂದ ರಸ್ತೆ
ತಿದ್ದುತ್ತೇನೆ. ಮೊಲೀನೊ ಎಂದರೆ ಬೀಸುವ ಜಾಗ, ನಮ್ಮ ಹಿಟ್ಟಿನ ಗಿರಣಿ ಇದ್ದಂತೆ. ದಾಲ್ ಮಿಲ್ಲಿನಲ್ಲಿ ಬೀಸುವುದಿಲ್ಲ. ಕಾಳನ್ನು ಉಜ್ಜಿ, ಎಣ್ಣೆ ನೀರು ಹಚ್ಚಿ, ಒಣಗಿಸಿ, ಸಿಪ್ಪೆ ಬಿಡಿಸಿ, ಒಡೆಯುತ್ತಾರೆ. ಇಂಗ್ಲಿಷಿನವರಿಗೆ ಎಲ್ಲವೂ ಮಿಲ್. ನಮ್ಮ ಕಲಬುರಗಿಯ ಎಂಎಸ್‌ಕೆ ಮಿಲ್ಲಿನಲ್ಲಿ ಏನು ಬೀಸುತ್ತಿದ್ದರು ಹೇಳಿ ನೋಡೋಣ? ಬಟ್ಟೆ! ಸ್ಪ್ಯಾನಿಷ್‌ನಲ್ಲಿ ಬಟ್ಟೆಯ ಮಿಲ್ ಫಾಬ್ರಿಕಾ, ಮರ ಕೊಯ್ಯುವುದು ಆಸೆರ್ರಾದೇರೊ, ಕಬ್ಬಿನ ಮಿಲ್ ಇಂಹೇನಿಯೊ. ಒಂದಕ್ಕೊಂದು ಸಂಬಂಧವೇ ಇಲ್ಲ.

ಯಾದಗಿರಿ ಕೋಟೆ
ಅಕ್ಕಿ ಮಿಲ್ಲಿಗೆ ಲ್ಯಾಟಿನ್ ಅಮೆರಿಕದಲ್ಲಿ ‘ಮೊಲೀನೊ ದೆ ಆರ್ರೋಸ್’ ಎನ್ನುತ್ತಾರಲ್ಲ? ಅಲ್ಲಿಯೂ ಅಕ್ಕಿಯನ್ನು ಬೀಸುವುದಿಲ್ಲ, ಹೊಟ್ಟು ತೆಗೆಯುತ್ತಾರೆ. ಭತ್ತಕ್ಕೆ ಬರುವ ಪದ ತೊಗರಿಗೆ ಏಕೆ ಬಾರದು?

ರಾತ್ರಿಪಾಳಿ
ಈ ಸುತ್ತು ಕೋಟೆಯವರಿಗೆ. ಮೊಲೀನೊ ಎಂದರೂ ಅರ್ಥವಾಗುತ್ತದೆ. ಆದರೂ ಚೀಲದ ಮೇಲೆ ‘ಪ್ಲಾಂತಾ ಪ್ರೊಸೆಸಾದೋರಾ’ ಎಂದಿದ್ದರೆ ಕಸ್ಟಮ್ಸ್‌ನವರಿಗೂ ಅಂಗಡಿಯವರಿಗೂ ತಂಟೆಯಿಲ್ಲ. ಬರೀ ಮೊಲೀನೊ ಎಂದರೆ ಹಿಟ್ಟು ಬಂದಿದೆ ಎಂದುಕೊಳ್ಳುವವರು ಇದ್ದೇ ಇರುತ್ತಾರೆ.

ಆಳಂದ ರಸ್ತೆ
ಅಕ್ಕಾ, ನನ್ನ ಮಾತನ್ನೇ ಹೇಳಿ ಗೆಲುವು ಅವರಿಗೆ ಕೊಟ್ಟಿರಿ.

ಶಹಾಪುರ ಮಾಸ್ತರ (ನಿವೃತ್ತ)
ಇಂಗ್ಲಿಷನ್ನೇ ಏಕೆ ಬೈಯುತ್ತೀರಿ? ನಮ್ಮ ಕಡೆ ದಖನಿ ಮಾತನಾಡುವವರನ್ನು ಕೇಳಿ, ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಅದನ್ನು ಒಂಟಿಯಾಗಿ ಕನ್ನಡಕ್ಕೆ ತನ್ನಿ ಎಂದರೆ ಯಾವ ಪಂಡಿತನಿಂದಲೂ ಆಗದು. ‘ಕಲ್ ಆಯಾ’ ಎಂದಾಗ ಸಂತೆಯಲ್ಲಿ ಆಡುವ ಮಗುವಿಗೂ ನಿನ್ನೆ ಎಂದು ಹೊಳೆಯುತ್ತದೆ. ಕಲಬುರಗಿ, ಬೀದರ, ಯಾದಗಿರಿಯವರು ಬೆಳಿಗ್ಗೆ ಎದ್ದು ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕರಲ್ಲಿಯೂ ವ್ಯಾಪಾರ ಮಾಡುವವರು. ಆ್ಯಪಿಗೆ ಈ ಅಭ್ಯಾಸ ಇಲ್ಲ, ಅಷ್ಟೆ.

ರಾತ್ರಿಪಾಳಿ
ಸ್ಪ್ಯಾನಿಷ್ ಕೂಡ ಸಾಧುವಲ್ಲ ಮಾಸ್ತರೇ. ‘ಮಾನ್ಯಾನಾ’ ಎಂದರೆ ನಾಳೆ, ಮುಂಜಾನೆ ಎರಡೂ. ನಾಳೆ ಮುಂಜಾನೆ ಎನ್ನಲು ಅದನ್ನೇ ಎರಡು ಸಲ ಹೇಳುತ್ತಾರೆ. ಆದರೆ ಇಂಗ್ಲಿಷ್ ಒಂದೇ ಪದ ಇಟ್ಟ ಕಡೆ ಇವರು ಎರಡು ಇಟ್ಟಿರುವುದು ತುಂಬ. ನೀರಿನಲ್ಲಿ ಈಜುವ ಮೀನು ಪೇಸ್, ಬಲೆಗೆ ಬಿದ್ದು ತಟ್ಟೆಗೆ ಬಂದದ್ದು ಪೆಸ್ಕಾದೊ. ಬೀದಿಯ ತಿರುವಿನ ಮೂಲೆ ಎಸ್ಕೀನಾ, ಕೋಣೆಯ ಒಳಗಿನ ಮೂಲೆ ರಿಂಕೋನ್. ಮನುಷ್ಯನ ಕಾಲು ಪಿಯೇರ್ನಾ, ಮೇಜಿನದು, ಎತ್ತಿನದು ಪಾತಾ.

ಯಾದಗಿರಿ ಕೋಟೆ
ಮೇ ತಿಂಗಳಲ್ಲಿ ಕಲಬುರಗಿಗೆ ಬಂದ ಸ್ಪೇನಿನವನು ಬಿಸಿಲು ಎನ್ನಲು ಏನು ಹೇಳಬೇಕು?

ರಾತ್ರಿಪಾಳಿ
‘ಆಸೆ ಕಾಲೋರ್’. ತನಗೆ ಸೆಕೆಯಾದರೆ ‘ತೇಂಗೊ ಕಾಲೋರ್’. ಹಾಟ್ ಎಂಬ ಪದವನ್ನು ನಿಘಂಟಿನಿಂದ ಎತ್ತಿ ‘ನಾನು ಕಾಲಿಯೇಂತೆ’ ಎಂದು ಮಾತ್ರ ಹೇಳಬೇಡಿ. ಕಾಲಿಯೇಂತೆ ಚಹಾಕ್ಕೆ, ಅನ್ನಕ್ಕೆ ಸರಿ. ಮನುಷ್ಯ ತನ್ನನ್ನು ಕುರಿತು ಹೇಳಿಕೊಂಡರೆ ಅರ್ಥ ಬೇರೆ ಕಡೆ ಹೋಗುತ್ತದೆ, ಇಲ್ಲಿ ಹಿರಿಯರಿದ್ದಾರೆ. ಖಾರದ ಹಾಟ್ ಎಂದಾದರೆ ಪಿಕಾಂತೆ, ನಮ್ಮ ಕೆಂಪು ಹಿಂಡಿಗೆ ತಕ್ಕ ಪದ.

ಭೀಮಾ ದಂಡೆ ರೈತ
ಎಲ್ಲರೂ ಮೀನು, ಮೂಲೆ ಎಂದು ಎಲ್ಲೆಲ್ಲಿಗೋ ಹೋದಿರಿ. ನೆಟೆ ರೋಗಕ್ಕೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೋ ಅದನ್ನೂ ಕೇಳಿಡಿ. 2022ರಲ್ಲಿ ನಿಂತ ಬೆಳೆ ನಿಂತಲ್ಲೇ ಒಣಗಿ ಹೋಯಿತು. ಅವರಲ್ಲಿ ಔಷಧ ಇದ್ದರೆ ಚೀಲದ ಬದಲಿಗೆ ಅದನ್ನೇ ತರಿಸಿರಿ.

ಆಳಂದ ರಸ್ತೆ
ಮಾರ್ಚಿತೇಸ್ ಎನ್ನುತ್ತಾರೆ ಕಾಕಾ, ಬಾಡುವಿಕೆ ಎಂದು. ಔಷಧದ ವಿಷಯಕ್ಕೆ ಪನಾಮಾಕ್ಕಿಂತ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರ ಹತ್ತಿರ. ನೆಟೆ ತಡೆಯುವ ‘ಮಾರುತಿ’, ‘ಆಶಾ’ ತಳಿಗಳು ಅಲ್ಲಿಂದಲೇ ನಮ್ಮ ಹೊಲಗಳಿಗೆ ಬಂದವು.

ಗಂಜ್ ಗುಮಾಸ್ತ
ಎಲ್ಲರ ಮಾತು ಸೇರಿಸಿ ಹೀಗೆ ಬರೆದಿದ್ದೇನೆ, ನೋಡಿ. ಮೇಲೆ ‘ಗ್ವಾಂದೂ ಸೇಕೊ, ಪೆಲಾದೊ ಇ ಪಾರ್ತೀದೊ’. ಅದರ ಕೆಳಗೆ ಕನ್ನಡದಲ್ಲಿಯೇ ‘ತೊಗರಿ ಬೇಳೆ’. ಆಮೇಲೆ ‘ಲೀಂಪಿಯೊ ಇ ಸೆಲೆಕ್ಸಿಯೊನಾದೊ’, ‘ಪೇಸೊ ನೇತೊ’ ಮತ್ತು ತೂಕ, ‘ಪ್ರೊದುಕ್ತೊ ದೆ ಲಾ ಇಂದಿಯಾ’. ಪಲ್ಸ್ ಎಂಬ ಪದವನ್ನೇ ತೆಗೆದುಬಿಟ್ಟೆ. ಮಾಲೀಕರು ಕೇಳಿ ಸೇರಿಸಿದ ಒಂದು ಸಾಲು: ಬೆಳೆದ ವರ್ಷ, ‘ಆನ್ಯೊ ದೆ ಕೊಸೇಚಾ’.

ರಾತ್ರಿಪಾಳಿ
ಎಲ್ಲವೂ ಸರಿ. ಕೊನೆಯ ಸಾಲಿನ ಬಗ್ಗೆ ಮಾತ್ರ ಪ್ರೆಸ್ಸಿನವರ ಮುಂದೆ ಕುಳಿತು ನೋಡಿಕೊಳ್ಳಿ. ಆನ್ಯೊ ಪದದಲ್ಲಿ ಎನ್ ಅಕ್ಷರದ ತಲೆಯ ಮೇಲೆ ಅಲೆಯಂಥ ಗೆರೆ ಇರಲೇಬೇಕು. ಅವರ ಫಾಂಟಿನಲ್ಲಿ ಅದು ಇಲ್ಲವೆಂದು ಬರೀ ಎನ್ ಹಾಕಿದರೆ ‘ಆನೊ’ ಆಗುತ್ತದೆ, ಅಂದರೆ ಗುದದ್ವಾರ.

ಸೇಡಂ ಕಲ್ಲು
ಬೇಳೆಯ ಚೀಲದ ಮೇಲೆ!

ಚಿತ್ತಾಪುರ ಸಿಸ್ಟರ್
ನಾಡಿಯಿಂದ ಶುರುವಾಗಿ ಅಲ್ಲಿಗೆ ಬಂದು ನಿಂತಿತೇ? ಇದು ನಮ್ಮ ಆಸ್ಪತ್ರೆಯ ದಾಖಲೆ ಪುಸ್ತಕವಾಯಿತು.

ಗಂಜ್ ಗುಮಾಸ್ತ
ಪ್ರೆಸ್ಸಿನಿಂದ ಪ್ರೂಫ್ ಬಂದಿದೆ. ಅಲೆಯ ಗೆರೆ ಇದೆ, ನೋಡಿದೆ. ಆದರೆ ಗ್ವಾಂದೂ ಪದದ ಕೊನೆಯ ಅಕ್ಷರದ ಮೇಲೆ ಓರೆ ಗೆರೆ ಬಿಟ್ಟಿದ್ದಾರೆ. ‘ಅಷ್ಟು ಸಣ್ಣದು ಯಾರಿಗೆ ಕಾಣುತ್ತದೆ’ ಎನ್ನುತ್ತಾರೆ ಪ್ರೆಸ್ಸಿನವರು.

ರಾತ್ರಿಪಾಳಿ
ಅದು ಹೋದರೆ ಅರ್ಥ ಕೆಡುವುದಿಲ್ಲ, ಆದರೆ ಕಾಗುಣಿತ ತಪ್ಪು. ಪನಾಮಾದ ಅಂಗಡಿಯವನಿಗೆ ಖಂಡಿತ ಕಾಣುತ್ತದೆ. ಹಾಕಿಸಿರಿ.

ಬೀದರ ಬಿದರಿ
ಗುಮಾಸ್ತ ಸಾಹೇಬರೇ, ಆ ಪ್ರೆಸ್ಸಿನವರಲ್ಲಿ ಆ ಫಾಂಟ್ ಇರುವುದಾದರೆ ನನ್ನ ಚೀಟಿಗಳನ್ನೂ ಅಲ್ಲಿಯೇ ಮಾಡಿಸುತ್ತೇನೆ. ಕನ್ನಡ ಮತ್ತು ಸ್ಪ್ಯಾನಿಷ್ ಒಂದೇ ಚೀಟಿಯಲ್ಲಿ ಬರುತ್ತದೆಯೇ, ವಿಚಾರಿಸಿ ಹೇಳಿ.

ಗಂಜ್ ಗುಮಾಸ್ತ
ಬರುತ್ತದೆ ಎನ್ನುತ್ತಾರೆ, ಸಾವಿರಕ್ಕಿಂತ ಕಡಿಮೆ ಇದ್ದರೆ ದರ ಹೆಚ್ಚು. ಓರೆ ಗೆರೆ ಈಗ ಹಾಕಿದರು. ಲಾರಿ ಬಂದು ಗಂಜಿನ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದೆ, ಹೋಗುತ್ತೇನೆ.

ಸೇಡಂ ಕಲ್ಲು
ಹೋಗುವ ಮುಂಚೆ ಇವತ್ತಿನ ತೊಗರಿ ದರ ಹೇಳಿ ಹೋಗಿರಪ್ಪಾ.